ನ್ಯೂಯಾರ್ಕಿನ ಸೂರ್ಯನನ್ನು ನಂಬಿ ಬಿಟ್ಟ ರೋಜಾ

ಇಂದ,
ಖಲೀದಾ, ವಯಸ್ಸು ಎಪ್ಪತ್ತೊಂದು,
ಹುಟ್ಟೂರು ಹರಿಹರ,
ಹಾಲಿ ವಾಸ: ಮಗಳು ಶಾಝಿಯಾಳ ಮನೆ, ಫಾರ್ಮಿಂಗ್ಟನ್ ಹಿಲ್ಸ್, ಮಿಷಿಗನ್.
(ಅರ್ಜಿದಾರಳ ಟ್ಯಾಬ್ಲೆಟ್ಟಿನ ಹಾಲಿ ವಾಸ: ನ್ಯೂಯಾರ್ಕ್. ಕಾರಣವನ್ನು ಕೆಳಗೆ ವಿವರಿಸಿದೆ.)

ಗೆ,
ಮಾನ್ಯ ಮೇಲ್ವಿಚಾರಕರು,
ವಿಪಿಎನ್ ಸುರಂಗದ ಆಚೆ ತುದಿ,
ನ್ಯೂಯಾರ್ಕ್ ಸರ್ವರ್.

ದಿನಾಂಕ: ಮಾರ್ಚ್ ಹದಿನಾರು, ಸೋಮವಾರ.

ವಿಷಯ: ತಮ್ಮ ಊರಿನ ಸೂರ್ಯಾಸ್ತವನ್ನು ನಮ್ಮ ಮನೆಗೆ ಕಳುಹಿಸಿ, ನನ್ನ ಮೊಮ್ಮಗಳು ಅನಮ್‌ಳ ಮೊಟ್ಟಮೊದಲ ರೋಜಾವನ್ನು (ರಂಜಾನ್ ಉಪವಾಸವನ್ನು) ಮೂವತ್ತಾರು ನಿಮಿಷ ಮುಂಚೆ ಬಿಡಿಸಿದ ಬಗ್ಗೆ, ಹಾಗೂ ಆ ಬಗ್ಗೆ ಪ್ರಮಾಣಪತ್ರ ಕೋರಿದ್ದ ಬಗ್ಗೆ.

ಉಲ್ಲೇಖ:
1. ತಮ್ಮ ಸಹಾಯದ ಕಿಟಕಿಯಲ್ಲಿ ಕಳೆದ ಸೋಮವಾರ ನಾನು ಒಂದು ಬೆರಳಿನಿಂದ ಒತ್ತಿ ಬರೆದ ಮನವಿ.
2. ಅದಕ್ಕೆ ತಮ್ಮ ಉತ್ತರ: "ನಾವು ಯಾವ ದಾಖಲೆಯನ್ನೂ ಇಟ್ಟುಕೊಳ್ಳುವುದಿಲ್ಲ. ಇನ್ನೇನಾದರೂ ಸಹಾಯ ಬೇಕೆ?"
3. ಹೌದು, ಬೇಕು.

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ನಾನು ಜಗಳಕ್ಕೆ ಬಂದವಳಲ್ಲ. ಮೂವತ್ತೆಂಟನೆಯ ವಯಸ್ಸಿನಲ್ಲಿ ಹರಿಹರದ ರಾತ್ರಿಶಾಲೆಗೆ ಸೇರಿ ಅಕ್ಷರ ಕಲಿತವಳು ನಾನು. ಅಲ್ಲಿಯ ಕೊನೆಯ ಪಾಠ ಅರ್ಜಿ ಬರೆಯುವುದು. ಪಾಠ ಹೇಳಿದ ಲತಾಶ್ರೀ ಮೇಡಂ, "ಖಲೀದಾ ಅವ್ರೇ, ಮನಸ್ಸಲ್ಲಿ ಎಷ್ಟೇ ಸಿಟ್ಟಿರಲಿ, ಮೊದಲು ಮಾನ್ಯರೇ ಅಂತ ಬರೀರಿ. ಅಷ್ಟು ಬರೆಯೋ ಹೊತ್ತಿಗೆ ಅರ್ಧ ಇಳಿದಿರುತ್ತೆ" ಎನ್ನುತ್ತಿದ್ದರು. ಬರೆದೆ. ಅರ್ಧ ಇಳಿದಿದೆ. ಉಳಿದರ್ಧ ಈ ಕೆಳಕಂಡಂತಿದೆ.

ಅರ್ಜಿಯು ಕನ್ನಡದಲ್ಲಿ ಇರುವುದಕ್ಕೆ ಕ್ಷಮೆ ಇರಲಿ. ಮನೆಯಲ್ಲಿ ನಮ್ಮದು ದಖನಿ, ಬೀದಿಯಲ್ಲಿ ಕನ್ನಡ, ಮೊಮ್ಮಗಳ ಬಾಯಲ್ಲಿ ಇಂಗ್ಲಿಷ್. ಆದರೆ ಅರ್ಜಿ ಬರೆಯಲು ನನಗೆ ಬರುವುದು ಕನ್ನಡದಲ್ಲಿ ಮಾತ್ರ. ಹೇಗೂ ತಮ್ಮ ಸುರಂಗದೊಳಗೆ ಹೋಗುವ ಪ್ರತಿಯೊಂದು ಅಕ್ಷರವನ್ನೂ ಯಾರಿಗೂ ಅರ್ಥವಾಗದ ಹಾಗೆ ಕಲಸಿಬಿಡುತ್ತೀರಂತೆ. ಆದ್ದರಿಂದ ಭಾಷೆ ಯಾವುದಾದರೇನು ಎಂದು ಭಾವಿಸಿ ಮುಂದುವರಿಯುತ್ತೇನೆ.

1. ಪ್ರತಿ ಶನಿವಾರ ಇಲ್ಲಿಯ ಲೈಬ್ರರಿಯಲ್ಲಿ ಹಿರಿಯರಿಗೆ ಇಂಗ್ಲಿಷ್ ಮಾತು ಕಲಿಸುತ್ತಾರೆ. ಶಾಝಿಯಾ ಕಾರಿನಲ್ಲಿ ನನ್ನನ್ನು ಬಿಟ್ಟು ಬರುತ್ತಾಳೆ. ಪಾಠ ಶುರುವಾಗುವ ತನಕ ನಾನು ಲೈಬ್ರರಿಯ ಪುಕ್ಕಟೆ ವೈಫೈ ಹಿಡಿದು ಟ್ಯಾಬ್ಲೆಟ್ ನೋಡುತ್ತ ಕೂರುತ್ತೇನೆ. ಇದನ್ನು ತಿಳಿದ ನನ್ನ ಅಳಿಯ ಸೊಹೈಲ್ ಗಾಬರಿಯಾದ. ಅವನು ಹುಬ್ಬಳ್ಳಿಯವನು, ಪಕ್ಕದೂರು ಟ್ರಾಯ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಕಂಪ್ಯೂಟರ್ ಕೆಲಸ.

"ಅಮ್ಮಾ, ಅದು ಮಂದಿ ವೈಫೈ. ಬಾಜೂಕ ಕೂತಾಂವ ನೀವು ಎಲ್ಲೆಲ್ಲಿ ಹೊಂಟೀರಿ ಅಂತ ಇಣುಕಿ ನೋಡಬಹುದ್ರಿ."

"ನಾನೆಲ್ಲಿ ಹೋಗ್ತೀನಪ್ಪಾ? ಅಜ್ಮತ್‌ಗೆ ಒಂದು ಗುಡ್ ಮಾರ್ನಿಂಗ್ ಹೂವು ಕಳಿಸ್ತೀನಿ, ಅಷ್ಟೇ."

"ಈಗೀಗ ಬಹಳ ಕಡೆ ಆ್ಯಪಿನವರೇ ಬೀಗ ಹಾಕಿರ್ತಾರ, ಹೂವು ಕಾಣಂಗಿಲ್ಲ. ಆದ್ರ ಯಾರ ಮನಿ ಬಾಗಲಕ್ಕ ಹೊಂಟೀರಿ ಅನ್ನೋದು ಕಾಣಸ್ತದ. ನಾ ಒಂದು ವಿಪಿಎನ್ ಹಾಕಿಕೊಡ್ತೀನಿ, ಬಿಡ್ರಿ."

ಅಜ್ಮತ್ ನನ್ನ ತಮ್ಮ. ಶಿಕಾಗೋ ಬಳಿಯ ಡೆಸ್ ಪ್ಲೇನ್ಸ್‌ನಲ್ಲಿ, ವಿಮಾನದ ಸರಕು ಸಾಗಿಸುವ ಕಂಪನಿಯಲ್ಲಿದ್ದಾನೆ. ಅವನಿಗೆ ಹೋಗುವ ಗುಲಾಬಿಯನ್ನು ಕದ್ದು ನೋಡಿ ಯಾರಿಗೆ ಏನು ಲಾಭವೋ ತಿಳಿಯದು. ಆದರೂ ಅಳಿಯನ ಕಾಳಜಿಯನ್ನು ಗೌರವಿಸಿ ಟ್ಯಾಬ್ಲೆಟ್ಟನ್ನು ಒಪ್ಪಿಸಿದೆನು. ಅದೇ ಕಾಳಜಿಯಲ್ಲಿ ಅವನು, ಟ್ಯಾಬ್ಲೆಟ್ ತಾನಿರುವ ಜಾಗವನ್ನು ಕಂಡವರಿಗೆಲ್ಲ ಹೇಳಿಕೊಳ್ಳುವ ಗುಂಡಿಯನ್ನೂ ಬಂದ್ ಮಾಡಿದನು. ಇದನ್ನು ದಯವಿಟ್ಟು ನೆನಪಿನಲ್ಲಿಡತಕ್ಕದ್ದು.

2. ವಿಪಿಎನ್ ಎಂದರೇನು ಎಂಬುದು ನನಗೆ ತಿಳಿದಿಲ್ಲವೆಂದು ತಮ್ಮ ಸಹಾಯದ ಕಿಟಕಿಯವರು ಭಾವಿಸಿದಂತಿದೆ. ನನಗೆ ಚೆನ್ನಾಗಿ ತಿಳಿದಿದೆ. ಸೊಹೈಲ್ ಒಂದು ಕಾಗದ, ಎರಡು ಲಕೋಟೆ ತಂದು ಊಟದ ಮೇಜಿನ ಮೇಲೆ ತೋರಿಸಿದ್ದಾನೆ. ನಾನು ಕೇಳುವುದನ್ನೆಲ್ಲ ಒಂದು ಕಾಗದ ಎಂದಿಟ್ಟುಕೊಳ್ಳಿ. ಸಾಮಾನ್ಯವಾಗಿ ಅದು ನನ್ನ ಮನೆಯ ವಿಳಾಸ ಹೊತ್ತು ನೇರವಾಗಿ ಹೋಗುತ್ತದೆ. ದಾರಿಯಲ್ಲಿ ಅದನ್ನು ಮುಟ್ಟಿದವರಿಗೆಲ್ಲ ಇದು ಎಲ್ಲಿಂದ ಎಲ್ಲಿಗೆ ಎಂಬುದು ಗೊತ್ತಾಗುತ್ತದೆ. ವಿಪಿಎನ್ ಹಾಕಿದರೆ ಆ ಕಾಗದವನ್ನು ಲಕೋಟೆಗೆ ಹಾಕಿ, ಬೀಗ ಜಡಿದು, ಇನ್ನೊಂದು ದೊಡ್ಡ ಲಕೋಟೆಯೊಳಗೆ ಇಟ್ಟು, ಮೇಲೆ ತಮ್ಮ ವಿಳಾಸ ಬರೆಯಲಾಗುತ್ತದೆ. ಬೀಗದ ಕೈ ಇರುವುದು ನನ್ನ ಟ್ಯಾಬ್ಲೆಟ್ ಮತ್ತು ತಮ್ಮ ಬಳಿ ಮಾತ್ರ. ದಾರಿಯವರಿಗೆ ಕಾಣುವುದು ಇಷ್ಟೇ: ಈ ಮುದುಕಿ ನ್ಯೂಯಾರ್ಕಿನ ಯಾವುದೋ ಸರ್ವರಿಗೆ ಏನೋ ಕಳುಹಿಸುತ್ತಿದ್ದಾಳೆ. ತಾವು ಹೊರ ಲಕೋಟೆ ಬಿಚ್ಚಿ, ಬೀಗ ತೆಗೆದು, ಒಳಗಿನ ಕಾಗದವನ್ನು ಹೋಗಬೇಕಾದಲ್ಲಿಗೆ ತಮ್ಮ ವಿಳಾಸದಿಂದಲೇ ರವಾನಿಸುತ್ತೀರಿ. ಉತ್ತರ ತಮಗೇ ಬರುತ್ತದೆ. ಅದಕ್ಕೆ ಮತ್ತೆ ಬೀಗ ಜಡಿದು ನನಗೆ ಕಳುಹಿಸುತ್ತೀರಿ. ಆಚೆಯವರು ಕಡೆಯವರೆಗೂ ಕಾಗದ ಬರೆದವಳು ನ್ಯೂಯಾರ್ಕಿನವಳು ಎಂದೇ ತಿಳಿದಿರುತ್ತಾರೆ.

"ತಿಳೀತೇನ್ರಿ ಅಮ್ಮಾ?" ಎಂದ ಸೊಹೈಲ್.

"ತಿಳೀದೆ ಏನು. ಇದು ಲತಾಶ್ರೀ ಮೇಡಂ ಮನೆ ವಿಳಾಸ," ಎಂದೆ.

3. ಸದರಿ ಲತಾಶ್ರೀ ಮೇಡಂ ಮನೆ ವಿಳಾಸದ ವಿವರ: ನಾನು ರಾತ್ರಿಶಾಲೆಗೆ ಹೋಗುವುದು ನನ್ನ ಅತ್ತೆಯವರಿಗೆ ತಿಳಿದಿರಲಿಲ್ಲ. ಹೊಲಿಗೆ ಕ್ಲಾಸಿಗೆ ಎಂದು ಹೇಳಿ ಹೋಗುತ್ತಿದ್ದೆ. ಪರೀಕ್ಷೆಯ ಫಲಿತಾಂಶ ಅಂಚೆಯಲ್ಲಿ ಬರುವಾಗ ಮನೆಗೆ ಬಂದರೆ ಗುಟ್ಟು ಬಯಲಾದೀತೆಂದು ಮೇಡಂ ಅದನ್ನು ತಮ್ಮ ವಿಳಾಸಕ್ಕೆ ತರಿಸಿ, ಬೇರೆ ಲಕೋಟೆಗೆ ಹಾಕಿ, ಹೊಲಿದ ರವಿಕೆಯ ಮಡಿಕೆಯಲ್ಲಿ ಇಟ್ಟು ನನಗೆ ಕೊಡುತ್ತಿದ್ದರು. ಅಂಚೆಯವನಿಗೆ ಮೇಡಂ ಮಾತ್ರ ಗೊತ್ತು. ಇಲಾಖೆಗೂ ಮೇಡಂ ಮಾತ್ರ ಗೊತ್ತು. ಮೇಡಂಗೆ ಎಲ್ಲ ಗೊತ್ತು. ಆದ್ದರಿಂದ ಗುಟ್ಟು ಎಂಬುದು ಇಲ್ಲವಾಗುವುದಿಲ್ಲ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ, ಆ ಇನ್ನೊಬ್ಬರು ನಂಬಿಗಸ್ತರಾಗಿರಬೇಕು ಎಂಬುದು ನನಗೆ ತಮ್ಮ ಕಂಪನಿ ಹುಟ್ಟುವ ಮೊದಲೇ ತಿಳಿದಿತ್ತು.

ಕಡೆಗೆ ಅತ್ತೆಯವರಿಗೆ ತಿಳಿದದ್ದು ಹೇಗೆಂದರೆ, ಕಲಿತ ಹುಮ್ಮಸ್ಸಿನಲ್ಲಿ ನಾನು ಖಾರದಪುಡಿ ಡಬ್ಬಿಯ ಮೇಲೆ ಸುಣ್ಣದಲ್ಲಿ "ಖಾರದಪುಡಿ" ಎಂದು ಬರೆದಿಟ್ಟೆ. "ಹೊಲಿಗೆ ಕ್ಲಾಸಲ್ಲಿ ಇದನ್ನೂ ಹೇಳಿಕೊಡ್ತಾರಾ?" ಎಂದು ಕೇಳಿದರು. ವಿಪಿಎನ್ ಹಾಕಿಕೊಂಡು ಕೂತು, ಆಮೇಲೆ ಎಲ್ಲಾದರೂ ನಮ್ಮ ಹೆಸರು, ನಮ್ಮ ಗುಪ್ತಪದ ಕೊಟ್ಟು ಒಳಗೆ ಹೋದರೆ ಅವರಿಗೆ ನಾವು ಯಾರೆಂದು ತಿಳಿದೇ ತಿಳಿಯುತ್ತದೆ, ಸುರಂಗ ಅದಕ್ಕೆ ಹೊಣೆಯಲ್ಲ ಎಂದು ಸೊಹೈಲ್ ಹೇಳಿದಾಗ ನನಗೆ ಆ ಡಬ್ಬಿಯೇ ಕಣ್ಣಿಗೆ ಬಂತು.

4. ಇನ್ನು ಪ್ರಕರಣಕ್ಕೆ ಬರುತ್ತೇನೆ. ಮಾರ್ಚ್ ಏಳು, ಶನಿವಾರ ಲೈಬ್ರರಿಯಲ್ಲಿ ವಿಪಿಎನ್ ಹಾಕಿದೆ. ತೆಗೆಯುವುದು ಮರೆತೆ. ಅಂದು ರೋಜಾ ಬಿಡುವ ಇಫ್ತಾರ್ ಮಸೀದಿಯಲ್ಲಿ ಆದ್ದರಿಂದ ಟ್ಯಾಬ್ಲೆಟ್ಟಿನ ಅಗತ್ಯ ಬೀಳಲಿಲ್ಲ.

ಮಾರ್ಚ್ ಎಂಟು, ಭಾನುವಾರ. ಎಂಟು ವರ್ಷದ ನನ್ನ ಮೊಮ್ಮಗಳು ಅನಮ್‌ಳ ಮೊದಲ ರೋಜಾ. ನಮ್ಮ ಕಡೆ ಮಗುವಿನ ಮೊದಲ ರೋಜಾ ಎಂದರೆ ಹಬ್ಬ: ಹೊಸ ಬಟ್ಟೆ, ಕೊರಳಿಗೆ ಹೂವಿನ ಹಾರ, ಇಫ್ತಾರಿಗೆ ನೆಂಟರಿಷ್ಟರು. ಶಾಝಿಯಾಳ ಗೆಳತಿಯ ಮನೆಯ ನಾಲ್ವರು ಬಂದರು. ಸೊಹೈಲನ ಆಫೀಸಿನ ಚಂದ್ರಮೌಳಿ ಬಂದರು. ಅವರು ಮೈಸೂರಿನವರು, ಅದೇ ಕಂಪನಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವರು. ಮಗುವಿಗೆ ಜೊತೆಯಾಗಲೆಂದು ಅವರೂ ಅಂದು ಬೆಳಗಿನಿಂದ ಒಂದು ತೊಟ್ಟು ಕಾಫಿ ಕುಡಿಯದೆ, ಸಂಜೆಯ ಹೊತ್ತಿಗೆ ನಮ್ಮೆಲ್ಲರಿಗಿಂತ ಹೆಚ್ಚು ಸೊರಗಿದ್ದರು.

ವೇಳೆಯ ಜವಾಬ್ದಾರಿ ನನ್ನದು. ಹರಿಹರದಲ್ಲಿ ಮದುವೆಯಾದ ವರ್ಷದಿಂದಲೂ ನನ್ನದೇ. ಅಲ್ಲಿ ತಾರಸಿ ಹತ್ತಿ ಪಶ್ಚಿಮಕ್ಕೆ ನೋಡುತ್ತ ನಿಂತು ಅಜಾನ್ ಕೇಳಿದೊಡನೆ ಕೆಳಗೆ ಕೂಗುತ್ತಿದ್ದೆ. ಇಲ್ಲಿ ತಾರಸಿಯಿಲ್ಲ, ಬೀದಿಗೆ ಅಜಾನ್ ಕೇಳುವುದಿಲ್ಲ. ಕಾರಣ, ನಮಾಜಿನ ವೇಳೆ ತಿಳಿಸುವ ಪುಟವೊಂದನ್ನು ಟ್ಯಾಬ್ಲೆಟ್ಟಿನಲ್ಲಿ ತೆರೆದು ನೋಡುತ್ತೇನೆ.

ಆ ಪುಟಕ್ಕೆ ನಾನಿರುವ ಊರು ಹೇಗೆ ತಿಳಿಯಬೇಕು? ಜಾಗ ಹೇಳುವ ಗುಂಡಿಯನ್ನು ಅಳಿಯ ಬಂದ್ ಮಾಡಿದ್ದಾನೆ. ಉಳಿದದ್ದು ಕಾಗದ ಬಂದ ವಿಳಾಸ. ಆ ವಿಳಾಸ ತಮ್ಮದು. ಪಾಪ, ಅದು ತನಗೆ ತಿಳಿದಂತೆ ನ್ಯೂಯಾರ್ಕಿನ ಸೂರ್ಯಾಸ್ತವನ್ನು ಕೊಟ್ಟಿತು: ಏಳಕ್ಕೆ ಐದು ನಿಮಿಷ. ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಅಂದು ಸೂರ್ಯ ಮುಳುಗುವುದು ಏಳು ಮೂವತ್ತೊಂದಕ್ಕೆ. ಎರಡೂ ಊರಿಗೆ ಗಡಿಯಾರ ಒಂದೇ, ಸೂರ್ಯ ಮಾತ್ರ ತಮ್ಮ ಕಡೆ ಮೊದಲು ಮುಗಿಸಿ ಆಮೇಲೆ ಇಲ್ಲಿಗೆ ಬರುತ್ತಾನೆ.

5. ತಾವು ಕೇಳಬಹುದು, ಮನೆಯಲ್ಲಿ ಒಂಬತ್ತು ಮಂದಿ ಇದ್ದರಲ್ಲ, ಯಾರಿಗೂ ಅನುಮಾನ ಬರಲಿಲ್ಲವೇ ಎಂದು. ಬಾರದಿರಲು ಕಾರಣಗಳು:

ಅ) ಅದೇ ದಿನ ಬೆಳಗ್ಗೆ ಈ ದೇಶದವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ದರು. ಹಿಂದಿನ ದಿನ ಇಫ್ತಾರ್ ಆರೂವರೆಗೆ ಆಗಿತ್ತು. ಅಂದು ಏಳಕ್ಕೆ ಐದು ಎಂದಾಗ, ಏನೋ ಮುಂದೆ ಹೋಗಬೇಕಿತ್ತು, ಹೋಗಿದೆ ಎಂದು ಎಲ್ಲರೂ ಸಮಾಧಾನ ಪಟ್ಟರು. ಎಷ್ಟು ಹೋಗಬೇಕಿತ್ತು ಎಂದು ಹಸಿದ ಹೊಟ್ಟೆ ಕೇಳುವುದಿಲ್ಲ.

ಆ) ಮಸೀದಿಯವರು ಕೊಟ್ಟ ವೇಳಾಪಟ್ಟಿ ಫ್ರಿಜ್ಜಿನ ಬಾಗಿಲ ಮೇಲೆಯೇ ಇತ್ತು. ಆದರೆ ಅನಮ್ "ನನ್ನ ಮೊದಲ ರೋಜಾ" ಎಂದು ಚಂದ್ರ, ನಕ್ಷತ್ರ ಮತ್ತು ಒಂದು ಸಮೋಸದ ಚಿತ್ರ ಬರೆದು ಸರಿಯಾಗಿ ಅದರ ಮೇಲೆ ಅಂಟಿಸಿದ್ದಳು. ಚಿತ್ರ ಚೆನ್ನಾಗಿತ್ತು. ಯಾರೂ ಸರಿಸಲಿಲ್ಲ.

ಇ) ಊಟದ ಹೊತ್ತಿಗೆ ಎಲ್ಲರ ಫೋನುಗಳೂ ಬಾಗಿಲ ಬಳಿಯ ಬೆತ್ತದ ಬುಟ್ಟಿಗೆ ಹೋಗತಕ್ಕದ್ದು ಎಂಬುದು ನಾನೇ ಹೊರಡಿಸಿದ ಆದೇಶ.

ಈ) ಪುಟದ ತಲೆಯ ಮೇಲೆ ಸಣ್ಣಕ್ಷರದಲ್ಲಿ "ನ್ಯೂಯಾರ್ಕ್" ಎಂದಿತ್ತು. ನಾನು ಓದಿದೆ. ಇದನ್ನು ಮುಚ್ಚಿಡುವುದಿಲ್ಲ. ಹರಿಹರದಲ್ಲಿ ನಾವು ಓದುತ್ತಿದ್ದ ಪತ್ರಿಕೆಯ ತಲೆಯ ಮೇಲೂ ದಾವಣಗೆರೆ ಎಂದಿರುತ್ತಿತ್ತು. ಅದು ಅಚ್ಚಾದ ಊರು. ಅದರಿಂದ ಓದುವವರು ದಾವಣಗೆರೆಯಲ್ಲಿದ್ದಾರೆ ಎಂದೇನೂ ಆಗುತ್ತಿರಲಿಲ್ಲ. ಇದೂ ಅಂಥದ್ದೇ, ಈ ಪುಟವನ್ನು ನ್ಯೂಯಾರ್ಕಿನಲ್ಲಿ ಅಚ್ಚು ಹಾಕುತ್ತಾರೆ ಎಂದುಕೊಂಡೆ.

6. ಆದ್ದರಿಂದ ಏಳಕ್ಕೆ ಐದು ನಿಮಿಷ ಇರುವಾಗ ನಾನು ಕೂಗಿದೆ. ಅನಮ್ ಹಾರ ಹಾಕಿಕೊಂಡು ಕೂತು, ಖರ್ಜೂರವನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಗಿಟ್ಟಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಂದ್ರಮೌಳಿ ಕಾಫಿ ಲೋಟವನ್ನು ಕಣ್ಣಿಗೊತ್ತಿಕೊಂಡು ಕುಡಿದರು. ಹಣ್ಣು, ಸಮೋಸ ಆಯಿತು. ಸೂರ್ಯ ಮುಳುಗಿದ ಮೇಲಿನ ಮಗ್ರಿಬ್ ನಮಾಜ್ ಆಯಿತು. ಬಿರಿಯಾನಿಗೆ ಕೂತೆವು, ಚಂದ್ರಮೌಳಿಯವರಿಗೆ ತರಕಾರಿ ಪಲಾವ್.

ಏಳು ಮೂವತ್ತೊಂದಕ್ಕೆ ಬಾಗಿಲ ಬಳಿಯ ಬುಟ್ಟಿ ಅಜಾನ್ ಕೂಗಿತು.

ಮೊದಲು ಒಂದು ಫೋನು. ಅದರ ಬೆನ್ನಿಗೆ ಎರಡನೆಯದು. ಮೂರು, ನಾಲ್ಕು. ಒಂದಕ್ಕಿಂತ ಒಂದು ಒಂದೊಂದು ಉಸಿರು ತಡವಾಗಿ, ನಾಲ್ಕು ದನಿಗಳು ಒಂದೇ ಬುಟ್ಟಿಯಿಂದ.

"ಇಷ್ಟ್ ಬೇಗ ಇಶಾ ಆಯ್ತಾ?" ಎಂದಳು ಶಾಝಿಯಾ, ರಾತ್ರಿಯ ನಮಾಜಿನ ಕರೆಯೆಂದುಕೊಂಡು.

ಸೊಹೈಲ್ ಎದ್ದು ಹೋಗಿ ನೋಡಿ ಬಂದ. ಕೈಯಲ್ಲಿ ಅನ್ನ ಹಾಗೇ ಇತ್ತು. "ಇಶಾ ಅಲ್ಲ. ಇದು ಮಗ್ರಿಬ್."

"ಮಗ್ರಿಬ್ ಆಗ್ಲೇ ಓದಿದ್ವಲ್ರೀ?"

"ಓದೀವಿ. ಅದು ಯಾರ ಊರಿನ ಮಗ್ರಿಬ್ ಅಂತ ಈಗ ನೋಡಬೇಕು."

ಒಂಬತ್ತರಲ್ಲಿ ಎಂಟು ಮಂದಿ ನನ್ನ ಕಡೆ ತಿರುಗಿದರು. ಚಂದ್ರಮೌಳಿ ಕೈ ತೊಳೆದು ಬಂದು ಟ್ಯಾಬ್ಲೆಟ್ ಕೇಳಿದರು. "ಆಂಟಿ, ಇಲ್ಲಿ ಮೂಲೇಲಿ ಸಣ್ಣ ಬೀಗದ ಕೈ ಕಾಣ್ತಿದ್ಯಲ್ಲ, ವಿಪಿಎನ್ ಆನ್ ಆಗೇ ಇದೆ. ಇದು ರಶ್ ಕಮ್ಮಿ ಇರೋ ದಾರಿ ನೋಡಿ ತಾನೇ ಒಂದು ಊರು ಆರಿಸ್ಕೊಳ್ಳುತ್ತೆ. ನೀವು ನಿನ್ನೆ ಮಧ್ಯಾಹ್ನದಿಂದ ನ್ಯೂಯಾರ್ಕ್‌ನಲ್ಲಿದೀರ."

"ನಾನು ಅಡುಗೆಮನೆ ಬಿಟ್ಟು ಕದಲಿಲ್ಲವಲ್ಲಪ್ಪಾ!"

"ನೀವು ಕದಲಿಲ್ಲ ಆಂಟಿ. ನಿಮ್ಮ ವಿಳಾಸ ಹೋಗಿಬಂದಿದೆ."

ಎಲ್ಲರೂ ನಕ್ಕರು. ನಾನೂ ನಗುವವಳಿದ್ದೆ. ಆಗ ಅನಮ್ ತಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದಳು. ಕೊರಳಲ್ಲಿ ಹಾರ ಇನ್ನೂ ಇತ್ತು. "ನಾನಿ, ಸೋ ನಂದು ಕೌಂಟ್ ಆಗುತ್ತಾ, ಆಗಲ್ವಾ?" ಎಂದು ಕೇಳಿದಳು.

ಮಾನ್ಯರೇ, ಈ ಅರ್ಜಿಯ ಒಟ್ಟು ವಿಷಯ ಇದೊಂದೇ ಪ್ರಶ್ನೆ. ಉಳಿದದ್ದೆಲ್ಲ ಲಕೋಟೆ.

7. ಅದೇ ರಾತ್ರಿ ಅಜ್ಮತ್‌ಗೆ ಫೋನ್ ಮಾಡಿದೆ. ಅವನಿಗೆ ಅವರ ಮಸೀದಿಯ ಮೌಲಾನಾ ಪರಿಚಯ.

"ಆಪಾ, ನ್ಯೂಯಾರ್ಕಿಗೆ ಹೋಗೋಳು ನಂಗೊಂದು ಮಾತು ಹೇಳಬಾರ್ದಾ? ನಾನೇ ಲಗೇಜ್ ಜೊತೆ ಹಾಕಿ ಕಳಿಸ್ತಿದ್ದೆ," ಎಂದು ಐದು ನಿಮಿಷ ನಕ್ಕ. ನಗಲು ಬಿಟ್ಟೆ. ತಾಳ್ಮೆ ನನಗಿದೆ. ನಕ್ಕು ಮುಗಿದ ಮೇಲೆ ಮೌಲಾನಾರನ್ನು ಕೇಳಿ ತಿಳಿಸಿದ: ತಿಳಿಯದೆ ಮುಂಚೆ ಬಿಟ್ಟಿದ್ದಕ್ಕೆ ಪಾಪವಿಲ್ಲ, ಆದರೆ ದೊಡ್ಡವರು ಈದ್ ಆದ ಮೇಲೆ ಒಂದು ದಿನ ರೋಜಾ ಇಟ್ಟು ತೀರಿಸಬೇಕು. ಮಗುವಿಗೆ ಯಾವ ಕಡ್ಡಾಯವೂ ಇಲ್ಲ, ಅವಳ ಮನಸ್ಸು ದೇವರಿಗೆ ಮುಟ್ಟಿದೆ.

"ಇನ್ನೊಂದು ಮಾತು ಹೇಳಿದ್ರು ಆಪಾ. ವಿಮಾನದಲ್ಲಿ ಕೂತೋನು ಕೂಡ ಕಿಟಕಿ ನೋಡಿ ರೋಜಾ ಬಿಡಬೇಕಂತೆ. ಎದುರಿನ ಸೀಟಿನ ಹಿಂದಿರೋ ಪರದೆ ನೋಡಿ ಅಲ್ಲ."

ಅನಮ್‌ಗೆ ಇದನ್ನೆಲ್ಲ ಸಕ್ಕರೆ ಬೆರೆಸಿ ಹೇಳಿದೆ. ಅವಳು ಯೋಚಿಸಿ, "ಹಾಗಂದ್ರೆ ಅದು ಪ್ರಾಕ್ಟೀಸ್," ಎಂದಳು. ವಿಷಯವೇನೆಂದರೆ ಅವಳು ಹೋಗುವ ಭಾನುವಾರದ ಮದರಸಾದಲ್ಲಿ ಗೋಡೆಗೊಂದು ಪಟ್ಟಿ ಇದೆ. ಪೂರ್ತಿ ರೋಜಾ ಇಟ್ಟ ಮಕ್ಕಳು ತಮ್ಮ ಹೆಸರಿನ ಮುಂದೆ ಒಂದು ಚಿನ್ನದ ಬಣ್ಣದ ನಕ್ಷತ್ರ ಅಂಟಿಸಬೇಕು. ಇವಳಿಗೆ ಮುಂಗಡವಾಗಿ ಕೊಟ್ಟ ನಕ್ಷತ್ರ ಪೆನ್ಸಿಲ್ ಪೆಟ್ಟಿಗೆಯಲ್ಲೇ ಇತ್ತು.

"ಅಂಟಿಸಿಬಿಡು ಬೇಟಾ, ಯಾರು ಕೇಳ್ತಾರೆ," ಎಂದಳು ಶಾಝಿಯಾ.

"ನಾನು ಕೇಳ್ತೀನಿ," ಎಂದಳು ಅನಮ್.

8. ಮಾರನೆಯ ದಿನ ಶಾಲೆಯಿಂದ ಬಂದವಳೇ ಒಂದು ಲೆಕ್ಕ ಹಿಡಿದು ಬಂದಳು. "ನಾನಿ! ಬೆಳಗ್ಗೆ ಸಹರಿ ತಿನ್ನೋದು ಕೂಡ ಅದೇ ಟ್ಯಾಬ್ಲೆಟ್ ನೋಡಿ ನಿಲ್ಲಿಸಿದ್ವಿ ಅಲ್ವಾ? ದಟ್ ಮೀನ್ಸ್ ಬೆಳಗ್ಗೆನೂ ಥರ್ಟಿಸಿಕ್ಸ್ ಮಿನಿಟ್ಸ್ ಬೇಗ ಶುರು ಮಾಡಿದೀವಿ. ಉದ್ದ ಸೇಮ್! ನಾನು ಪೂರ್ತಿ ರೋಜಾನೇ ಇಟ್ಟಿದೀನಿ. ಜಸ್ಟ್, ಅದು ನ್ಯೂಯಾರ್ಕ್ ರೋಜಾ."

ಕೂಡಿ ಕಳೆದು ನೋಡಿದೆ. ಸರಿಯಾಗಿತ್ತು. ಮುಂಜಾನೆಯಿಂದ ಮುಸ್ಸಂಜೆಯವರೆಗೆ ಅವಳು ತಮ್ಮ ಊರಿನ ಒಂದು ರೋಜಾವನ್ನು ತಪ್ಪಿಲ್ಲದೆ ಪೂರೈಸಿದ್ದಳು. ಒಂದೇ ಕೊರತೆ, ಅವಳು ಅಲ್ಲಿರಲಿಲ್ಲ.

"ಕಂಪನಿಯವ್ರು ನಾವು ನ್ಯೂಯಾರ್ಕ್‌ನಲ್ಲಿದ್ವಿ ಅಂತ ಬರೆದುಕೊಟ್ರೆ?" ಎಂದಳು.

ಕಾರಣ, ತಮ್ಮ ಸಹಾಯದ ಕಿಟಕಿಗೆ ಬಂದೆ. ಮಾರ್ಚ್ ಎಂಟರಂದು ಮುಂಜಾನೆಯಿಂದ ಸಂಜೆ ಏಳರವರೆಗೆ ಖಲೀದಾ ಎಂಬವಳ ಟ್ಯಾಬ್ಲೆಟ್ ನ್ಯೂಯಾರ್ಕಿನಲ್ಲಿ ಹಾಜರಿತ್ತು ಎಂದು ಒಂದು ಸಾಲು ಕೊಡಿ ಎಂದು ಕೇಳಿದೆ. ತಾವು, ನಮ್ಮಲ್ಲಿ ಯಾರು ಬಂದರು, ಎಲ್ಲಿಗೆ ಹೋದರು ಎಂಬ ದಾಖಲೆಯೇ ಇಲ್ಲ, ಅದೇ ನಮ್ಮ ಹೆಮ್ಮೆ ಎಂದಿರಿ. ಮತ್ತೆ ಕೇಳಿದೆ. ಅದೇ ಉತ್ತರ. ಮೂರನೆಯ ಸಲ ಕೇಳಿದಾಗ, ನಮ್ಮ ಸೇವೆಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ತಾವೇ ನನ್ನನ್ನು ಕೇಳಿದಿರಿ. ನಮ್ಮ ಮನೆಯಲ್ಲಿ ಇರುವುದೇ ಒಂದು ನಕ್ಷತ್ರ, ಅದೂ ವಿವಾದದಲ್ಲಿದೆ ಎಂದು ಬರೆದೆ. ಸಂಭಾಷಣೆ ಮುಗಿದಿದೆ ಎಂದು ಬಂತು.

ದಾಖಲೆ ಇಡದಿರುವುದು ಒಳ್ಳೆಯ ಗುಣವೇ. ಲತಾಶ್ರೀ ಮೇಡಂ ಕೂಡ ಇಡುತ್ತಿರಲಿಲ್ಲ. ಆದರೆ ನಾನು ಪಾಸಾದ ದಿನ, "ಬೇಕಾದ್ರೆ ನಿಮ್ಮತ್ತೆ ಮುಂದೆ ನಿಂತು ನಾನೇ ಹೇಳ್ತೀನಿ" ಎಂದಿದ್ದರು.

9. ಈ ಅಂಶವನ್ನು ಬರೆಯುವುದೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಅರ್ಜಿಯಲ್ಲಿ ನಿಜವನ್ನು ಬಿಡಬಾರದು ಎಂದು ಪಾಠದಲ್ಲಿತ್ತು, ಆದ್ದರಿಂದ ಬರೆಯುತ್ತಿದ್ದೇನೆ. ಆ ಭಾನುವಾರ ಕೂಗುವ ಮೊದಲು ನಾನು ಅಡುಗೆಮನೆಯ ಕಿಟಕಿಯಿಂದ ಹೊರಗೆ ನೋಡಿದ್ದೆ. ಇಲ್ಲಿಯ ಮಾರ್ಚ್ ತಿಂಗಳ ಮೋಡ, ಸೂರ್ಯ ಕಾಣುತ್ತಿರಲಿಲ್ಲ. ಆದರೆ ಎದುರು ಮನೆಯ ಚಾವಣಿಯ ಅಂಚು ಇನ್ನೂ ಬೆಳ್ಳಗಿತ್ತು. ಐವತ್ತು ವರ್ಷ ಪಶ್ಚಿಮವನ್ನು ನೋಡಿದ ಕಣ್ಣು, ಇನ್ನೂ ಆಗಿಲ್ಲ ಎಂದಿತು. ಕೈಯಲ್ಲಿದ್ದ ಅಕ್ಷರ, ಆಗಿದೆ ಎಂದಿತು. ಅಕ್ಷರವನ್ನು ನಾನು ಬಹಳ ಕಷ್ಟಪಟ್ಟು ಸಂಪಾದಿಸಿದವಳು. ಅದರ ಮುಂದೆ ಕಣ್ಣಿಗೆ, ನೀನು ಸುಮ್ಮನಿರು, ನಿನಗೆ ಓದಲು ಬರುವುದಿಲ್ಲ ಎಂದೆ.

ಆದ್ದರಿಂದ ಮೂವತ್ತಾರು ನಿಮಿಷಗಳಲ್ಲಿ ತಮ್ಮ ಪಾಲು ಎಷ್ಟು, ನನ್ನ ಪಾಲು ಎಷ್ಟು ಎಂಬುದನ್ನು ತಾವೇ ತೀರ್ಮಾನಿಸಬಹುದು.

ಇದನ್ನು ಅನಮ್‌ಗೂ ಹೇಳಿದೆ. "ಯೂ ನ್ಯೂ? ನಿಂಗೆ ಗೊತ್ತಿತ್ತಾ?" ಎಂದಳು.

"ಗೊತ್ತಿತ್ತು. ನಂಬಲಿಲ್ಲ."

"ನೆಕ್ಸ್ಟ್ ಟೈಮ್ ನಂಗೆ ಹೇಳು ನಾನಿ. ನಾನು ನಂಬ್ತೀನಿ."

10. ನಿನ್ನೆ, ಮಾರ್ಚ್ ಹದಿನೈದು, ಭಾನುವಾರ, ಅವಳು ಮತ್ತೆ ರೋಜಾ ಇಟ್ಟಳು. ಷರತ್ತುಗಳು ಅವಳವೇ: ಹಾರ ಬೇಡ, ನೆಂಟರು ಬೇಡ, ಬುಟ್ಟಿ ಬೇಡ, ಟ್ಯಾಬ್ಲೆಟ್ ಬೇಡ. ಫ್ರಿಜ್ಜಿನ ಮೇಲಿನ ಚಿತ್ರವನ್ನು ತಾನೇ ಪಕ್ಕಕ್ಕೆ ಸರಿಸಿ ಅಂಟಿಸಿದಳು. ಸಂಜೆ ಗ್ಯಾರೇಜ್ ಬಾಗಿಲು ಎತ್ತಿ, ಎರಡು ಮಡಚುವ ಕುರ್ಚಿ ಹಾಕಿ, ಒಂದು ಕಂಬಳಿಯಲ್ಲಿ ಇಬ್ಬರೂ ಕೂತೆವು. ಮೂವತ್ತೆಂಟು ಡಿಗ್ರಿ, ಇಲ್ಲಿಯ ಫ್ಯಾರನ್‌ಹೀಟ್ ಲೆಕ್ಕದಲ್ಲಿ; ಮೂಗು ಇದೆಯೋ ಇಲ್ಲವೋ ಮುಟ್ಟಿ ನೋಡಿಕೊಳ್ಳಬೇಕಾದಷ್ಟು ಚಳಿ. ಬಟ್ಟಲಲ್ಲಿ ಎರಡು ಖರ್ಜೂರ. ಮೋಡ ಅಂದಿನಂತೆಯೇ.

ಏಳು ಗಂಟೆ ಎರಡು ನಿಮಿಷಕ್ಕೆ ಒಳಗಿನಿಂದ ಸೊಹೈಲ್, "ಅನಮ್, ನ್ಯೂಯಾರ್ಕ್‌ದಾಗ ಎಲ್ಲಾರೂ ತಿನ್ನಾಕ ಹತ್ಯಾರವಾ!" ಎಂದು ಕೂಗಿದ.

"ಅಬ್ಬೂ, ಅವ್ರಿಗೆ ಹಾಯ್ ಹೇಳಿ!" ಎಂದು ಇವಳೂ ಕೂಗಿದಳು. ಖರ್ಜೂರದ ಕಡೆ ನೋಡಲಿಲ್ಲ.

ನಾನು ಎದುರು ಮನೆಯ ಚಾವಣಿ ನೋಡುತ್ತ ಕೂತೆ. ಬಿಳಿ, ಬೂದಿ, ಆಮೇಲೆ ಹೆಂಚಿಗೂ ಆಕಾಶಕ್ಕೂ ಗೆರೆ ಉಳಿಯಲಿಲ್ಲ. "ಈಗ," ಎಂದೆ. ಅವಳು ಖರ್ಜೂರ ಎತ್ತಿದವಳು ತಡೆದಳು. ನನ್ನ ಮೇಲೆ ಅನುಮಾನದಿಂದಲ್ಲ, ನನಗೊಂದು ಸಾಕ್ಷಿ ಇರಲಿ ಎಂದು. ಎರಡು ನಿಮಿಷ ಹಾಗೇ ಹಿಡಿದು ಕೂತಳು. ಆಗ ಎದುರು ಮನೆಯ ಅಂಗಳದ ಕಂಬದ ದೀಪ ತಾನೇ ಹೊತ್ತಿಕೊಂಡಿತು. ಕತ್ತಲಾದರೆ ಹೊತ್ತುವ ದೀಪ ಅದು, ಯಾರೂ ಗುಂಡಿ ಒತ್ತುವುದಿಲ್ಲ.

"ನಾನಿ, ಆ ಲೈಟಿಗೆ ವಿಪಿಎನ್ ಇದ್ಯಾ?"

"ಇಲ್ಲ ಬೇಟಾ. ಅದು ಅಲ್ಲೇ ಇದೆ."

ಆಗ ತಿಂದಳು. ಒಳಗೆ ಫೋನುಗಳು ಆಗಲೇ ಕೂಗಿ ಮುಗಿಸಿದ್ದವಂತೆ. ನಮಗೆ ಕೇಳಿಸಿರಲಿಲ್ಲ.

11. ಮೇಲ್ಕಂಡ ಎಲ್ಲ ಕಾರಣಗಳಿಂದ, ನಾನು ಈ ಹಿಂದೆ ಕೋರಿದ್ದ ಪ್ರಮಾಣಪತ್ರವು ಈಗ ಅಗತ್ಯವಿಲ್ಲವೆಂದೂ, ಸದರಿ ಮನವಿಯನ್ನು ಹಿಂಪಡೆದಿರುವುದಾಗಿಯೂ ತಿಳಿಸುತ್ತೇನೆ. ಮುಂದಿನ ಭಾನುವಾರ ಮದರಸಾದ ಗೋಡೆಯಲ್ಲಿ ಅನಮ್ ಹೆಸರಿನ ಮುಂದೆ ಹೊಸದೊಂದು ನಕ್ಷತ್ರ ಅಂಟಲಿದೆ. ತಮ್ಮ ಸುರಂಗದ ಮೇಲೆ ನನಗೆ ದ್ವೇಷವಿಲ್ಲ. ಶನಿವಾರ ಲೈಬ್ರರಿಯಲ್ಲಿ ಮತ್ತೆ ಹಾಕಿಕೊಳ್ಳುತ್ತೇನೆ, ಬಾಗಿಲು ದಾಟುವ ಮೊದಲು ತೆಗೆಯುತ್ತೇನೆ. ಮರೆಯದಿರಲೆಂದು ಟ್ಯಾಬ್ಲೆಟ್ಟಿನ ಬೆನ್ನಿಗೆ ಚೀಟಿ ಅಂಟಿಸಿ, "ನೀನು ಈಗ ಯಾವ ಊರಲ್ಲಿದ್ದೀಯ?" ಎಂದು ಬರೆದಿದ್ದೇನೆ. ಖಾರದಪುಡಿ ಡಬ್ಬಿಯ ಮೇಲೆ ಬರೆದದ್ದಕ್ಕಿಂತ ಅಕ್ಷರ ಈಗ ದುಂಡಗಾಗಿದೆ.

ತಮ್ಮ ಬೀಗದಲ್ಲಿ ವಿಶ್ವಾಸವಿರುವ, ತಮ್ಮ ಸೂರ್ಯನಲ್ಲಿ ವಿಶ್ವಾಸವಿಲ್ಲದ,
ಖಲೀದಾ

ಲಗತ್ತುಗಳು:
1. "ನನ್ನ ಮೊದಲ ರೋಜಾ" ಚಿತ್ರದ ನಕಲು (ಸಮೋಸ ಸಹಿತ).
2. ಚಂದ್ರಮೌಳಿ ಅವರ ಪ್ರತ್ಯೇಕ ದೂರು: ಮೂವತ್ತಾರು ನಿಮಿಷ ಬೇಗ ಸಿಕ್ಕ ಕಾಫಿಯನ್ನು ತಾನು ಯಾವ ಕಾರಣಕ್ಕೂ ಹಿಂದಿರುಗಿಸುವುದಿಲ್ಲ ಎಂಬ ಒಂದು ಸಾಲು.
3. ಚಿನ್ನದ ಬಣ್ಣದ ನಕ್ಷತ್ರ, ಒಂದು. ಪೆನ್ಸಿಲ್ ಪೆಟ್ಟಿಗೆಯಲ್ಲಿ ಉಳಿದಿದ್ದದ್ದು.

ಕೊನೆಯ ಕೋರಿಕೆ: ಮೂರನೆಯ ಲಗತ್ತನ್ನು ಅನಮ್ ತಾನೇ ಕಳುಹಿಸುತ್ತಿದ್ದಾಳೆ. ಅದು ನ್ಯೂಯಾರ್ಕ್ ರೋಜಾದ ನಕ್ಷತ್ರ, ಆದ್ದರಿಂದ ನ್ಯೂಯಾರ್ಕಿನ ಗೋಡೆಗೆ ಸೇರಬೇಕು ಎಂಬುದು ಅವಳ ವಾದ. ತಮ್ಮಲ್ಲಿ ದಾಖಲೆ ಇಡುವುದಿಲ್ಲವೆಂದು ವಿವರಿಸಿದೆ. ನಕ್ಷತ್ರ ದಾಖಲೆಯಲ್ಲ, ಬರೀ ನಕ್ಷತ್ರ ಎಂದಳು. ಕಾರಣ, ಅದನ್ನು ಸರ್ವರ್ ಪೆಟ್ಟಿಗೆಯ ಮೇಲೆ ಎಲ್ಲಾದರೂ ಅಂಟಿಸಬೇಕಾಗಿಯೂ, ಅಂಟಿಸುವ ಮುನ್ನ ದಯವಿಟ್ಟು ಯಾರಾದರೂ ಒಮ್ಮೆ ಕಿಟಕಿಯ ಬಳಿ ಹೋಗಿ ಸೂರ್ಯ ಮುಳುಗಿರುವುದನ್ನು ಕಣ್ಣಾರೆ ಖಚಿತಪಡಿಸಿಕೊಳ್ಳಬೇಕಾಗಿಯೂ ಕೋರುತ್ತೇನೆ.